ಬಾಗಿಲ ಹೊರಗಿನ ಪರೀಕ್ಷೆ

"ಅವ್ವಾ, ನಾನು ನಿಮ್ಮವನು ಎಂದು ಪರ ಊರಿನವರಿಗೆ ಹೇಗೆ ತೋರಿಸಿಕೊಡಲಿ?"

ಕೇಳಿದವನು ಮುರಿಗೆಪ್ಪ. ಹಾಲವ್ವನವರ ಶಿಷ್ಯ. ಹೊಳೆಯಾಚೆಯ ಮಠಕ್ಕೆ ಹೋಗಿ ಆಗಷ್ಟೇ ತಿರುಗಿ ಬಂದಿದ್ದ. ಇನ್ನೂ ಕಾಲು ಕೂಡ ತೊಳೆದಿರಲಿಲ್ಲ. ಹಾಲವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಏನಾಯಿತು ಹೇಳು" ಅಂದರು.

"ಬಾಗಿಲಲ್ಲೇ ತಡೆದರು. ಯಾರ ಶಿಷ್ಯ ಅಂತ ಕೇಳಿದರು. ನಿಮ್ಮ ಹೆಸರು ಹೇಳಿದೆ. 'ಹಾಲವ್ವನ ಶಿಷ್ಯ ಅಂತ ವಾರಕ್ಕೊಬ್ಬ ಬರ್ತಾನೆ, ಊಟದ ಪಂಕ್ತಿ ಅತ್ತ ಕಡೆ' ಅಂದರು. ನಾನು ಊಟಕ್ಕೆ ಹೋದವನಾ ಅವ್ವಾ? ನೀವು ಹೇಳಿಕೊಟ್ಟದ್ದನ್ನೆಲ್ಲ ನಿಂತ ಮೆಟ್ಟಿನಲ್ಲಿ ಒಪ್ಪಿಸಿದೆ. ಬಾಗಿಲು ಕಾಯುವವನು ಆಕಳಿಸಿದ."

"ಊಟ ಮಾಡಿದೆಯಾ?"

"ಇಲ್ಲ. ಮರ್ಯಾದೆ ಇಲ್ಲದ ಕಡೆ ತುತ್ತು ಹೇಗೆ ಇಳಿಯುತ್ತದೆ?"

ಹಾಲವ್ವ ಮೊರವನ್ನು ಪಕ್ಕಕ್ಕೆ ಇಟ್ಟರು. "ಕಾಲು ತೊಳೆದುಕೊಂಡು ಬಾ. ಅನ್ನ ಬೇಯುವುದರೊಳಗೆ ಒಂದು ಕತೆ ಹೇಳುತ್ತೇನೆ" ಅಂದರು. ಅವನು ಬಂದು ಕೂತ ಮೇಲೆ ಶುರು ಮಾಡಿದರು.

ಒಬ್ಬ ವ್ಯಾಪಾರಿ ಇದ್ದ ತಮ್ಮಾ. ಹತ್ತಿಯ ವ್ಯಾಪಾರ. ಅವನ ಊರಿನಲ್ಲಿ ಮೇಸನ್ನರ ಕೂಟ ಅಂತ ಒಂದಿತ್ತು. ಕೇಳಿದ್ದೀಯೋ ಇಲ್ಲವೋ. ಲಾಡ್ಜು ಅನ್ನುತ್ತಾರೆ. ಮಂಚ ಬಾಡಿಗೆಗೆ ಕೊಡುವ ಲಾಡ್ಜಲ್ಲ ಮತ್ತೆ. ಹಿಂದೊಂದು ಕಾಲದಲ್ಲಿ ಎಲ್ಲೋ ಕಲ್ಲುಕೆಲಸದವರು ಕಟ್ಟಿಕೊಂಡ ಕೂಟವಂತೆ. ಈಗ ಅದರಲ್ಲಿ ಕಲ್ಲು ಕೆತ್ತುವವನು ಒಬ್ಬನೂ ಇಲ್ಲ. ವಕೀಲರು, ಡಾಕ್ಟರು, ಮೇಷ್ಟ್ರು, ಅಂಗಡಿಯವರು, ಜಾತಿ ಮತ ನೋಡದೆ ಎಲ್ಲರೂ ಸೇರುತ್ತಾರೆ. ಹಳೆಯವರ ನೆನಪಿಗೆ ಅಂತ ಬಟ್ಟೆಗೆ ಧೂಳು ಬೀಳದ ಹಾಗೆ ಅವರು ಕಟ್ಟುತ್ತಿದ್ದಂಥ ಒಂದು ಬಿಳಿ ಕುರಿದೊಗಲನ್ನು ಸೊಂಟದ ಮುಂದೆ ಕಟ್ಟಿಕೊಂಡು ಕೂರುತ್ತಾರೆ. ಒಬ್ಬರನ್ನೊಬ್ಬರು ಅಣ್ಣತಮ್ಮ ಅನ್ನುತ್ತಾರೆ. ಬಾಗಿಲು ಹಾಕಿಕೊಂಡ ಮೇಲೆ ಒಳಗೆ ಏನು ನಡೆಯಿತು ಅನ್ನುವುದನ್ನು ಹೊರಗೆ ಬಾಯಿಬಿಟ್ಟು ಹೇಳುವಂತಿಲ್ಲ. ಅವರಲ್ಲಿ ಒಂದು ಗುಟ್ಟಿನ ಮಾತು ಇದೆ, ಒಂದು ಕೈ ಹಿಡಿಯುವ ರೀತಿ ಇದೆ. ಯಾವ ಊರಿಗೆ ಹೋದರೂ ಅದರಿಂದಲೇ ಗುರುತು.

ವ್ಯಾಪಾರಿ ಆ ಕೂಟಕ್ಕೆ ಸೇರಿ ಬಹಳ ವರ್ಷವಾಗಿತ್ತು. ಒಂದು ಸಭೆ ತಪ್ಪಿಸಿದವನಲ್ಲ. ಅವನ ಹೆಂಡತಿ ಮಾತ್ರ ಆ ಮಾತು ಬಂದಾಗಲೆಲ್ಲ ಮೂಗು ಮುರಿಯುತ್ತಿದ್ದಳು.

"ಮದುವೆಯಲ್ಲಿ ಕೈ ಹಿಡಿದದ್ದು ನನ್ನದು. ಗುಟ್ಟು ಹೇಳೋದು ಯಾರಿಗೋ" ಅನ್ನುತ್ತಿದ್ದಳು.

"ಹೇಳುವಂತಿದ್ದರೆ ನಿನಗೇ ಮೊದಲು ಹೇಳುತ್ತಿದ್ದೆ ಕಣೇ."

"ಆ ಮಾತನ್ನೇ ಹೇಳಿ ಹೇಳಿ ಕೂದಲು ಹಣ್ಣಾಯಿತು."

ಅವನು ನಗುತ್ತಿದ್ದ. ಹೇಳುತ್ತಿರಲಿಲ್ಲ.

ಒಮ್ಮೆ ಇಬ್ಬರೂ ದೂರದ ನೆಂಟರ ಮನೆಗೆ ರೈಲಿನಲ್ಲಿ ಹೊರಟರು. ಕಲ್ಲಿದ್ದಲಿನ ರೈಲು. ಹೆಂಡತಿಗೆ ಮೊದಲಿನಿಂದಲೂ ಉಬ್ಬಸ. ಕಿಟಕಿಯಲ್ಲಿ ಬಂದ ಹೊಗೆ ಎದೆಗೆ ಹಿಡಿಯಿತು. ಮೊದಲು ಕೆಮ್ಮಿದಳು. ಆಮೇಲೆ ಕೆಮ್ಮುವುದಕ್ಕೂ ಉಸಿರಿಲ್ಲ. ಕಮ್ಮಾರನ ತಿದಿಯ ಹಾಗೆ ಎದೆ ಏರುತ್ತದೆ, ಇಳಿಯುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ತುಟಿ ನೀಲಿಗಟ್ಟಿತು. ರೈಲು ಒಂದು ಊರಿನಲ್ಲಿ ನಿಂತದ್ದೇ ತಡ, ವ್ಯಾಪಾರಿ ಅವಳನ್ನು ತಬ್ಬಿ ಹಿಡಿದುಕೊಂಡು ಕೆಳಗೆ ಇಳಿಸಿದ. ತಿರುಗಿ ನೋಡುವಷ್ಟರಲ್ಲಿ ರೈಲು ಹೊರಟಿತ್ತು. ಬಟ್ಟೆಬರೆಯ ಪೆಟ್ಟಿಗೆ ಅದರಲ್ಲೇ ಹೋಯಿತು. ಅವನ ಕುರಿದೊಗಲು ಅದರೊಳಗೆ. ಇಂಥವನು ನಮ್ಮವನು ಅಂತ ಅವನ ಊರಿನ ಕೂಟದವರು ಮುದ್ರೆ ಒತ್ತಿ ಕೊಟ್ಟ ಹಾಳೆಯೂ ಅದರೊಳಗೆ.

ಯಾರೋ ಪುಣ್ಯಾತ್ಮರು ಗಾಡಿಯಲ್ಲಿ ಹಾಕಿಕೊಂಡು ಇಬ್ಬರನ್ನೂ ಛತ್ರಕ್ಕೆ ಬಿಟ್ಟರು. ಛತ್ರ ನೋಡಿಕೊಳ್ಳುವ ಹೆಂಗಸು ಚಾಪೆ ಹಾಸಿದಳು, ಬಿಸಿನೀರು ತಂದಳು, ಎದೆ ನೀವಿದಳು. ಏನು ಮಾಡಿದರೂ ಆ ಸುಂಯ್ ಅನ್ನುವ ಸದ್ದು ನಿಲ್ಲಲಿಲ್ಲ.

"ಡಾಕ್ಟರು ಇಲ್ಲವಾ ತಾಯಿ ಈ ಊರಲ್ಲಿ?" ಅಂದ ವ್ಯಾಪಾರಿ.

"ಇರೋದು ಒಬ್ಬರೇ ಅಣ್ಣಾ. ದೇವರಂಥವರು. ಆದರೆ ಇವತ್ತು ಅವರು ಮಾಟದ ಮನೆಗೆ ಹೋಗಿರ್ತಾರೆ. ಬಾಗಿಲು ಹಾಕಿಕೊಂಡರೆ ಮುಗೀತು, ಕತ್ತಲಾಗೋವರೆಗೂ ತೆಗೆಯಲ್ಲ. ಕತ್ತಿ ಹಿಡಿದವನೊಬ್ಬ ಬಾಗಿಲಲ್ಲಿ ಕೂತಿರ್ತಾನೆ. ಒಳಗೆ ತಲೆ ಕಡಿದು ಮತ್ತೆ ಅಂಟಿಸ್ತಾರಂತೆ. ನಮ್ಮವರು ಯಾರೂ ಆ ಓಣಿಗೆ ಕಾಲು ಹಾಕಲ್ಲ."

ಮಾಟದ ಮನೆ ಅಂದರೆ ಯಾವುದು ಅಂತ ವ್ಯಾಪಾರಿಗೆ ಕೂಡಲೇ ಹೊಳೆಯಿತು. ಅವನ ಊರಿನ ಜನವೂ ಅವರ ಲಾಡ್ಜನ್ನು ಹಾಗೇ ಕರೆಯುತ್ತಿದ್ದರು. ಅವನಿಗೆ ಹೋದ ಜೀವ ಬಂದ ಹಾಗಾಯಿತು.

"ನನಗೆ ತೆಗೀತಾರೆ" ಅಂದ.

ಹೆಂಗಸು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಿಮಗಾ?"

"ಇವಳನ್ನು ನೋಡಿಕೊಂಡಿರು ತಾಯಿ. ಹೀಗೆ ಹೋಗಿ ಹಾಗೆ ಬಂದೆ."

ಓಡಿದ. ಇಷ್ಟು ವರ್ಷ ಹೆಂಡತಿಯ ಕೈಲಿ ಅನ್ನಿಸಿಕೊಂಡದ್ದು ಇವತ್ತಿಗೆ ಸಾರ್ಥಕವಾಯಿತು, ಇವತ್ತು ಆ ಕೂಟವೇ ಇವಳನ್ನು ಉಳಿಸುತ್ತದೆ ಅಂದುಕೊಳ್ಳುತ್ತಾ ಓಡಿದ. ಓಣಿಯ ಕೊನೆಯಲ್ಲಿ ಆ ಮನೆ. ಮುಚ್ಚಿದ ಬಾಗಿಲ ಮುಂದೆ ಒಬ್ಬ ಮುದುಕ ಬಿಚ್ಚುಗತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ. ಅವನೂ ಆ ಕೂಟದವನೇ. ಬಾಗಿಲು ಕಾಯುವುದು ಅವನ ಪಾಳಿ.

"ಯಾರು?"

"ನಾನೂ ನಿಮ್ಮವನೇ. ಪರ ಊರಿನವನು. ಒಳಗೆ ಹೋಗಬೇಕಾಗಿತ್ತು."

"ನಮ್ಮವರಾದರೆ ಬಹಳ ಸಂತೋಷ. ಗುರುತಿನ ಹಾಳೆ?"

"ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆ ರೈಲಿನಲ್ಲಿ ಹೋಯಿತು."

ಮುದುಕ ನಕ್ಕ. ಬಾಯಿ ತುಂಬ ವೀಳ್ಯ. "ಎಲ್ಲರ ಪೆಟ್ಟಿಗೆಯೂ ರೈಲಿನಲ್ಲೇ ಹೋಗುತ್ತೆ ಯಜಮಾನರೇ. ಗುರುತಿನ ಹಾಳೆ ಇದ್ದ ಪೆಟ್ಟಿಗೆ ಈ ಊರಿನಲ್ಲಿ ಇಳಿದದ್ದನ್ನ ನಾನಂತೂ ಕಾಣೆ. ಹಿಂದಿನ ಸಲ ಒಬ್ಬ ಬಂದಿದ್ದ. ನಾನೂ ನಿಮ್ಮವನು, ಹೆಂಡತಿಗೆ ಜೀವ ಹೋಗ್ತಾ ಇದೆ ಅಂತ ಗೋಳೋ ಅಂತ ಅತ್ತ. ನಮ್ಮವರು ಕರಗಿ ನೀರಾಗಿ ದಾರಿಖರ್ಚು ಕೊಟ್ಟು ಕಳಿಸಿದರು. ವಿಚಾರಿಸಿದರೆ ಆ ಮಹಾರಾಯನಿಗೆ ಮದುವೆಯೇ ಆಗಿರಲಿಲ್ಲ!"



ಈಗ ಹೆಂಡತಿಯ ವಿಷಯ ಎತ್ತಿದರೆ ತಾನು ಎರಡನೆಯ ಸುಳ್ಳ ಆಗುತ್ತೇನೆ ಅನ್ನಿಸಿತು ವ್ಯಾಪಾರಿಗೆ. ಇನ್ನೂ ಒಂದು ಇತ್ತು. ಆ ಕೂಟಕ್ಕೆ ಸೇರುವ ದಿನ ಪ್ರತಿಯೊಬ್ಬನೂ ಒಂದು ಮಾತು ಕೊಡಬೇಕು: ನನಗೆ ಇದರಿಂದ ಏನೋ ಲಾಭವಾದೀತು ಅಂತ ನಾನು ಬಂದಿಲ್ಲ. ವ್ಯಾಪಾರಿ ಎದೆಯ ಮೇಲೆ ಕೈ ಇಟ್ಟು ಆ ಮಾತು ಕೊಟ್ಟಿದ್ದ. ಬಾಗಿಲಲ್ಲಿ ನಿಂತು ಮೊದಲ ಮಾತಿಗೇ ನನಗಿದು ಬೇಕು ಅಂದರೆ ಏನು ಚೆಂದ? ಮೊದಲು ನಾನು ಯಾರೆಂದು ತೋರಿಸುತ್ತೇನೆ. ಅಣ್ಣತಮ್ಮನಾಗಿ ಒಳಗೆ ಹೋಗುತ್ತೇನೆ. ಆಮೇಲೆ ಕೇಳುತ್ತೇನೆ. ಎಷ್ಟು ಹೊತ್ತಿನ ಕೆಲಸ?

"ಪರೀಕ್ಷೆ ಮಾಡಿಕೊಳ್ಳಿ" ಅಂದ.

ಮುದುಕ ಕತ್ತಿಯ ಹಿಡಿಯಿಂದ ಬಾಗಿಲು ತಟ್ಟಿದ. ಒಳಗಿನಿಂದ ಒಬ್ಬರು ತಲೆ ಹಾಕಿದರು. ಪಿಸಿಪಿಸಿ ಮಾತಾಯಿತು. ಬಾಗಿಲು ಮತ್ತೆ ಮುಚ್ಚಿತು. ಸ್ವಲ್ಪ ಹೊತ್ತಿಗೆ ಇಬ್ಬರು ಹೊರಗೆ ಬಂದರು. ಸೊಂಟದಲ್ಲಿ ಬಿಳಿ ಕುರಿದೊಗಲು. ಒಬ್ಬರು ವಕೀಲರು. ಇನ್ನೊಬ್ಬರು ಯಾರು ಅಂತೀಯ? ಆ ಊರಿನ ಡಾಕ್ಟರೇ. ಯಾರಿಗೋಸ್ಕರ ಓಡಿ ಬಂದನೋ ಅವರೇ ಮೊಳದ ದೂರದಲ್ಲಿ ಎದುರಿಗೆ ನಿಂತಿದ್ದಾರೆ. ಪರ ಊರಿನವನಿಗೆ ಅದು ಹೇಗೆ ತಿಳಿಯಬೇಕು? ಇವನು ಅವರ ಹೆಗಲಾಚೆಯ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದ.

ವಕೀಲರು ಗಂಟಲು ಸರಿಮಾಡಿಕೊಂಡರು. "ತಾವು ನಮ್ಮವರು ಅನ್ನುತ್ತೀರಿ. ಒಳ್ಳೆಯದು. ಹಾಗಾದರೆ ಗುಟ್ಟಿನ ಮಾತು ಹೇಳಿ."

ವ್ಯಾಪಾರಿಗೆ ಮಾತು ಬಾಯಲ್ಲೇ ಇತ್ತು. ಆದರೆ ಅವನ ಊರಿನ ಹಿರಿಯರು ಅವನಿಗೆ ಕಲಿಸಿದ್ದು ಬೇರೆ. ಕೇಳುವವನು ಯಾರೆಂದು ಗೊತ್ತಿಲ್ಲದೆ ಹೇಳಿದರೆ ಅದು ಗುಟ್ಟಲ್ಲ, ಡಂಗುರ. ಪರ ಊರಿಗೆ ಹೋದಾಗ ಅವರ ಕೂಟ ನಿಜವಾದ ಕೂಟ ಅನ್ನುವುದಕ್ಕೆ ದೊಡ್ಡ ಕೂಟದವರು ಕೊಟ್ಟ ಸನ್ನದು ಇರುತ್ತದೆ, ಅದನ್ನು ಮೊದಲು ನೋಡು ಅಂತ ಹೇಳಿಕೊಟ್ಟಿದ್ದರು.

"ಕ್ಷಮಿಸಬೇಕು. ತಮ್ಮ ಸನ್ನದು ನೋಡದೆ ನಾನು ಬಾಯಿ ಬಿಡುವಂತಿಲ್ಲ."

"ಸನ್ನದು ಒಳಗೆ ಗೋಡೆಯ ಮೇಲಿದೆ. ಸಭೆ ನಡೆಯುವಾಗ ಅದನ್ನು ಕೆಳಗಿಳಿಸುವಂತಿಲ್ಲ."

"ನಾನೇ ಒಳಗೆ ಬಂದು ನೋಡುತ್ತೇನೆ."

"ನಮ್ಮವರು ಅಂತ ಖಾತ್ರಿಯಾಗದೆ ತಾವು ಒಳಗೆ ಬರುವಂತಿಲ್ಲ."

"ತಾವು ನಮ್ಮವರು ಅಂತ ಖಾತ್ರಿಯಾಗದೆ ನಾನು ಹೇಳುವಂತಿಲ್ಲ."

ಮುದುಕ ಕುರ್ಚಿಯಲ್ಲಿ ಒರಗಿ ಕೂತ. ಅವನಿಗೆ ಬಹಳ ದಿನಕ್ಕೆ ಒಂದು ಒಳ್ಳೆಯ ಆಟ ಸಿಕ್ಕಿತ್ತು.

ವಕೀಲರು ಯೋಚನೆ ಮಾಡಿದರು. "ಹೋಗಲಿ, ಮಾತನ್ನು ಎರಡು ತುಂಡು ಮಾಡೋಣ. ಒಂದು ತುಂಡು ತಾವು, ಒಂದು ತುಂಡು ನಾವು."

"ಆಗಲಿ. ತಾವು ಶುರುಮಾಡಿ."

"ಬಂದವರು ತಾವು. ತಾವೇ ಶುರುಮಾಡಬೇಕು."

"ಮನೆಯವರು ತಾವು. ತಾವು ಮೊದಲು."

"ಇಲ್ಲ, ತಾವು."

"ಬೀಗರ ಊಟದ ಹಾಗಾಯ್ತು ಬಿಡಿ" ಅಂದ ಮುದುಕ. "ನೀವು ಮೊದಲು ಕೂತ್ಕೊಳ್ಳಿ, ನೀವು ಮೊದಲು ಕೂತ್ಕೊಳ್ಳಿ ಅಂತ. ಅಷ್ಟರಲ್ಲಿ ಪಾಯಸ ಆರಿ ಗಂಜಿಯಾಗುತ್ತೆ."

ನಗು ಬರುವ ಮಾತೇ. ವ್ಯಾಪಾರಿಗೆ ನಗು ಬರಲಿಲ್ಲ. ಅವನ ಕಿವಿಯಲ್ಲಿ ಆ ಸುಂಯ್ ಅನ್ನುವ ಸದ್ದು ತುಂಬಿತ್ತು. ನೋಡು ತಮ್ಮಾ, ಅವನು ಒಂದು ತಪ್ಪನ್ನೂ ಮಾಡುತ್ತಿರಲಿಲ್ಲ. ವಕೀಲರೂ ಮಾಡುತ್ತಿರಲಿಲ್ಲ. ಇಬ್ಬರೂ ಕಲಿತದ್ದನ್ನು ಕಲಿತ ಹಾಗೆಯೇ ನಡೆಸುತ್ತಿದ್ದರು. ಅತ್ತ ಛತ್ರದಲ್ಲಿ ಒಂದು ಜೀವ ಗಾಳಿಗೆ ಬಾಯಿ ಬಿಡುತ್ತಿತ್ತು.

ಅಷ್ಟು ಹೊತ್ತೂ ಮಾತಾಡದೆ ನಿಂತಿದ್ದ ಡಾಕ್ಟರು ಒಂದು ಹೆಜ್ಜೆ ಮುಂದೆ ಬಂದರು. "ಮಾತು ಬೇಡ ವಕೀಲರೇ. ಕೈ ನೋಡೋಣ" ಅಂದರು. ಬಲಗೈ ಚಾಚಿದರು.

ವ್ಯಾಪಾರಿ ಕೈ ಕೊಟ್ಟ. ಎಷ್ಟೋ ವರ್ಷದಿಂದ ಎಷ್ಟೋ ಜನರಿಗೆ ಕೊಟ್ಟ ಕೈ. ಯಾವ ಬೆರಳು ಎಲ್ಲಿ ಅಂತ ನಿದ್ದೆಯಲ್ಲಿ ಕೇಳಿದರೂ ಗೊತ್ತು. ಆ ಹೊತ್ತಿಗೆ ಬೆರಳುಗಳು ಕೇಳಲಿಲ್ಲ. ಕೈ ತಣ್ಣಗಿತ್ತು, ಬೆವರಿನಿಂದ ಜಾರುತ್ತಿತ್ತು, ಗಡಗಡ ನಡುಗುತ್ತಿತ್ತು. ಹಿಡಿಯಬೇಕಾದ ರೀತಿ ಒಂದು ಬಿಟ್ಟು ಇನ್ನೆಲ್ಲ ರೀತಿಯಲ್ಲೂ ಹಿಡಿದ.

"ತಪ್ಪು" ಅಂದರು ವಕೀಲರು, ಬಗ್ಗಿ ನೋಡಿ.

ಮುಗಿಯಿತು ಅಂದುಕೊಂಡ ವ್ಯಾಪಾರಿ.

ಡಾಕ್ಟರು ಕೈ ಬಿಡಲಿಲ್ಲ. ಅವರ ಬೆರಳು ಮೆಲ್ಲಗೆ ಮಣಿಕಟ್ಟಿಗೆ ಸರಿಯಿತು. ಅಲ್ಲಿ ನಿಂತಿತು. ಅವರು ಇವನ ಮುಖ ನೋಡಿದರು.

"ಸಾಹುಕಾರರೇ, ಈ ನಾಡಿ ಹೆದರಿದವನ ನಾಡಿ. ಮೋಸ ಮಾಡಲು ಬಂದವನು ಇಷ್ಟು ಹೆದರುವುದಿಲ್ಲ. ಮನೆಯಲ್ಲಿ ಯಾರಿಗೆ ಹುಷಾರಿಲ್ಲ?"

ಕಟ್ಟೆ ಒಡೆಯಿತು. "ನನ್ನ ಹೆಂಡತಿಗೆ" ಅಂದ.

"ಎಲ್ಲಿದ್ದಾರೆ?"

"ಛತ್ರದಲ್ಲಿ. ಉಬ್ಬಸ. ಉಸಿರು ಒಳಗೆ ಹೋಗ್ತಾ ಇಲ್ಲ. ತುಟಿ ನೀಲಿಯಾಗಿದೆ. ಡಾಕ್ಟರು ಒಳಗಿದ್ದಾರಂತೆ. ಅವರನ್ನು ಕರೆಯಬೇಕಾಗಿತ್ತು."

"ಅಯ್ಯೋ ಮಾರಾಯಾ! ನಾನೇ ಅಲ್ಲವೇನ್ರೀ ಡಾಕ್ಟರು! ಬಂದ ತಕ್ಷಣ ಹೇಳಬಾರದಾಗಿತ್ತಾ?"

ಅಷ್ಟು ಅಂದವರೇ ಬಾಗಿಲ ಬದಿಯಲ್ಲಿಟ್ಟಿದ್ದ ತಮ್ಮ ಚೀಲ ಎತ್ತಿಕೊಂಡು ಮೆಟ್ಟಿಲು ಇಳಿದರು. ಸೊಂಟದ ಕುರಿದೊಗಲು ಸೊಂಟದಲ್ಲೇ. ವಕೀಲರು ಹಿಂದಿನಿಂದ ಕೂಗಿದರು:

"ಡಾಕ್ಟರೇ! ಪರೀಕ್ಷೆ ಮುಗಿದಿಲ್ಲ! ಅವರು ನಮ್ಮವರೋ ಅಲ್ಲವೋ ಇನ್ನೂ ಗೊತ್ತಾಗಿಲ್ಲ!"

"ಅವರ ಹೆಂಡತಿ ಹೇಗೂ ನಮ್ಮವರಲ್ಲ" ಅಂದರು ಡಾಕ್ಟರು, ತಿರುಗಿ ನೋಡದೆ. "ಆಕೆಗೆ ಪರೀಕ್ಷೆ ಬೇಕಾಗಿಲ್ಲ."

ಮುದುಕ ಎದ್ದು ನಿಂತ. ಆಚೆ ಈಚೆ ನೋಡಿದ. ಕತ್ತಿಯನ್ನು ವಕೀಲರ ಕೈಗೆ ಕೊಟ್ಟ. "ಸ್ವಲ್ಪ ಹಿಡಕೊಳ್ಳಿ ಸ್ವಾಮಿ" ಅಂದವನೇ ಓಣಿಯ ತುದಿಗೆ ಓಡಿ, ಅತ್ತ ಹೋಗುತ್ತಿದ್ದ ಒಂದು ಜಟಕಾಕ್ಕೆ ಅಡ್ಡ ನಿಂತ. "ಛತ್ರಕ್ಕೆ! ಕುದುರೆಗೆ ರೆಕ್ಕೆ ಕಟ್ಟಿಕೊಂಡು ಹೋಗೋ!" ಅಂತ ಇಬ್ಬರನ್ನೂ ಹತ್ತಿಸಿ ತಾನೂ ಹಿಂದೆ ನೇತುಬಿದ್ದ.

ಛತ್ರದಲ್ಲಿ ಹೆಂಡತಿ ಕಣ್ಣು ಮೇಲೆ ಮಾಡಿ ಮಲಗಿದ್ದಳು. ಡಾಕ್ಟರು ಮೊದಲು ಅವಳನ್ನು ಎತ್ತಿ ಕೂರಿಸಿ, ಬೆನ್ನಿಗೆ ಚಾಪೆ ಸುತ್ತಿ ಒರಗಿಸಿದರು. ತೋಳಿಗೆ ಒಂದು ಸೂಜಿ ಹಾಕಿದರು. ಮಣಿಕಟ್ಟು ಹಿಡಿದು ಕೂತರು. ವ್ಯಾಪಾರಿ ಅವಳ ಎದೆಯನ್ನೇ ನೋಡುತ್ತಾ ನಿಂತ. ಏರಿತು. ಇಳಿಯಿತು. ಏರಿತು. ಆ ಸದ್ದು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ತುಟಿಗೆ ಬಣ್ಣ ಬಂತು. ಆಮೇಲೆ ಅವಳು ಒಂದು ದೀರ್ಘವಾದ ಉಸಿರು ಎಳೆದು ಬಿಟ್ಟಳು ನೋಡು, ವ್ಯಾಪಾರಿ ಅಲ್ಲೇ ನೆಲಕ್ಕೆ ಕುಸಿದು ಕೂತ. ಅಷ್ಟು ಹೊತ್ತೂ ಅವನೂ ಉಸಿರು ಬಿಟ್ಟಿರಲಿಲ್ಲ.

"ಇನ್ನು ಹೆದರಿಕೆ ಇಲ್ಲ" ಅಂದರು ಡಾಕ್ಟರು.

ಹೆಂಡತಿ ಕಣ್ಣು ಬಿಟ್ಟಳು. ಎದುರಿಗೆ ಕೂತವರನ್ನು ನೋಡಿದಳು. ಅವರ ಸೊಂಟ ನೋಡಿದಳು.

"ರೀ, ಡಾಕ್ಟರನ್ನು ಕರಕೊಂಡು ಬರ್ತೀನಿ ಅಂತ ಹೋದವರು ಅಡಿಗೆಭಟ್ಟರನ್ನ ಯಾಕೆ ಕರಕೊಂಡು ಬಂದ್ರಿ?" ಅಂದಳು, ಎಳೆಎಳೆಯಾದ ದನಿಯಲ್ಲಿ.

ಬಾಗಿಲಲ್ಲಿ ನಿಂತಿದ್ದ ಮುದುಕ ವೀಳ್ಯ ನೆತ್ತಿಗೇರಿ ಕೆಮ್ಮಿದ. ಡಾಕ್ಟರು ತಮ್ಮ ಸೊಂಟ ನೋಡಿಕೊಂಡು ನಕ್ಕುಬಿಟ್ಟರು.

"ಡಾಕ್ಟರು ನಾನೇ ತಾಯಿ. ಅವಸರದಲ್ಲಿ ಇದನ್ನ ಬಿಚ್ಚೋದು ಮರೆತೆ."

ಅವಳು ಮತ್ತೊಮ್ಮೆ ನೋಡಿದಳು. ಆಗ ಅವಳಿಗೆ ಗುರುತು ಹತ್ತಿತು. "ಅದಾ! ಅಂಥದ್ದು ಒಂದು ನಮ್ಮನೆಯಲ್ಲೂ ಇದೆ ಡಾಕ್ಟರೇ. ಇವರದ್ದು. ಕಲೆಯಾಗಬಾರದು, ಮಡಿಕೆ ಬೀಳಬಾರದು. ಅದರ ಸೇವೆ ಮಾಡಿ ಮಾಡಿ ನನಗೆ ಸಾಕಾಗಿದೆ. ಕಟ್ಟಿಕೊಂಡು ಏನು ಮಾಡ್ತೀರಿ ಅಂದರೆ ಬಾಯಿಗೆ ಬೀಗ. ಮುದ್ದಾಗಿ ಕೇಳಿದೆ, ಜಗಳ ಆಡಿ ಕೇಳಿದೆ. ಒಂದು ಸಲ ಊಟ ಬಿಟ್ಟೂ ಕೇಳಿದೆ. ಬೇರೆ ಎಲ್ಲ ಹೇಳ್ತಾರೆ, ಅದೊಂದು ಮಾತ್ರ ಇಲ್ಲ. ಹೆಂಡತಿಗೆ ಹೇಳದಂಥ ಮಾತು ಯಾವುದಿರುತ್ತೆ, ನೀವೇ ಹೇಳಿ."

"ಒಂದು ಮಾತೂ ಹೇಳಲಿಲ್ಲವಾ ತಾಯಿ? ಒಂದೇ ಒಂದು?"

"ಈ ಉಬ್ಬಸದ ಮೇಲಾಣೆ, ಒಂದೇ ಒಂದು ಇಲ್ಲ."

ಡಾಕ್ಟರು ವ್ಯಾಪಾರಿಯ ಕಡೆ ತಿರುಗಿದರು. ಅವನು ನೆಲದ ಮೇಲೆ ತಲೆ ತಗ್ಗಿಸಿಕೊಂಡು ಕೂತಿದ್ದ.

"ಏಳಿ ಅಣ್ಣಾ" ಅಂದರು. ಅಷ್ಟು ಹೊತ್ತು ಸಾಹುಕಾರರೇ ಅನ್ನುತ್ತಿದ್ದವರು ಅಣ್ಣಾ ಅಂದರು. "ಬನ್ನಿ, ವಕೀಲರು ಕಾಯುತ್ತಿದ್ದಾರೆ."

"ಇವಳೊಬ್ಬಳೇ" ಅಂದ ವ್ಯಾಪಾರಿ.

"ಹೋಗಿ ಬನ್ನಿ" ಅಂದಳು ಹೆಂಡತಿ. "ಮುಖ ನೋಡಿದರೆ ನಿಮಗೇ ಸೂಜಿ ಹಾಕಬೇಕು ಅನ್ನೋ ಹಾಗಿದೆ. ನಾನು ಉಸಿರಾಡ್ತಾ ಇರ್ತೀನಿ."

ಜಟಕಾ ಮತ್ತೆ ಆ ಓಣಿಗೆ ಬಂತು. ವಕೀಲರು ಬಾಗಿಲಲ್ಲಿ ಕತ್ತಿ ಹಿಡಿದು ನಿಂತಿದ್ದರು. ಕತ್ತಿ ಹೇಗೆ ಹಿಡಿಯಬೇಕು ಅಂತ ತಿಳಿಯದೆ ಕೊಡೆಯ ಹಾಗೆ ಹಿಡಿದಿದ್ದರು. ಇವರನ್ನು ಕಂಡು ಅವರ ಮುಖ ಅರಳಿತು. "ಹೇಗಿದ್ದಾರೆ?" ಅಂತ ಮೊದಲು ಕೇಳಿದವರು ಅವರೇ. ಬದುಕಿದರು ಅಂತ ಕೇಳಿದ ಮೇಲೆ ಮತ್ತೆ ವಕೀಲರಾದರು.

"ಸಂತೋಷ. ಆದರೆ ನಿಯಮ ನಿಯಮವೇ. ಇವರನ್ನು ಪರೀಕ್ಷೆ ಮಾಡಿದವರು ಯಾರು?"

"ಇವರ ಹೆಂಡತಿ" ಅಂದರು ಡಾಕ್ಟರು.

"ಏನಂತೆ?"

"ಇಷ್ಟು ವರ್ಷದಲ್ಲಿ ಇವರು ಒಂದು ಮಾತೂ ಹೊರಗೆ ಬಿಟ್ಟಿಲ್ಲ ಅಂತೆ. ಮುದ್ದಿಗೂ ಬಿಟ್ಟಿಲ್ಲ, ಜಗಳಕ್ಕೂ ಬಿಟ್ಟಿಲ್ಲ, ಉಪವಾಸಕ್ಕೂ ಬಿಟ್ಟಿಲ್ಲ. ವಕೀಲರೇ, ನಿಮ್ಮ ಎದೆ ಮುಟ್ಟಿ ಹೇಳಿ, ನಮ್ಮಲ್ಲಿ ಎಷ್ಟು ಜನ ಆ ಪರೀಕ್ಷೆಯಲ್ಲಿ ಪಾಸಾಗುತ್ತೇವೆ?"

ಮುದುಕ ಓಣಿಯ ಕಡೆ ಮುಖ ತಿರುಗಿಸಿಕೊಂಡ. ವಕೀಲರು ಸೋಲಲಿಲ್ಲ.

"ಗಂಡನ ಪರವಾಗಿ ಹೆಂಡತಿ ಹೇಳಿದ ಸಾಕ್ಷಿ ನಿಲ್ಲುವುದಿಲ್ಲ."

"ಆಕೆ ಪರವಾಗಿ ಎಲ್ಲಿ ಹೇಳಿದಳು? ದೂರು ಹೇಳಿದಳು."

ವಕೀಲರು ಕತ್ತಿಯನ್ನು ಮುದುಕನ ಕೈಗೆ ಕೊಟ್ಟು, ತಾವೇ ಹೋಗಿ ಬಾಗಿಲು ತಟ್ಟಿದರು. ಬಾಗಿಲು ಪೂರ್ತಿ ತೆರೆಯಿತು. ಒಳಗೆ ಕೂತಿದ್ದವರೆಲ್ಲ ಎದ್ದು ನಿಂತರು. ನಡುವೆ ಕೂತಿದ್ದ ಹಿರಿಯರು ತಮ್ಮ ಬಲಗಡೆಯ ಕುರ್ಚಿ ತೋರಿಸಿದರು. ಪರ ಊರಿನ ಅಣ್ಣತಮ್ಮನಿಗೆ ಅವರಲ್ಲಿ ಅದು ದೊಡ್ಡ ಮರ್ಯಾದೆ.

"ಬನ್ನಿ" ಅಂದರು. "ನಮ್ಮಿಂದ ಏನಾಗಬೇಕು?"

ವ್ಯಾಪಾರಿ ಹೊಸ್ತಿಲಲ್ಲಿ ನಿಂತ. ಕೈ ಮುಗಿದ. ಆ ಕೈ ಈಗ ನಡುಗುತ್ತಿರಲಿಲ್ಲ.

"ಆಗಬೇಕಾದದ್ದು ಹೊರಗೇ ಆಯಿತು" ಅಂದ. "ಅಪ್ಪಣೆ ಕೊಡಿ. ಅವಳು ಇನ್ನೂ ಏನೂ ತಿಂದಿಲ್ಲ."

ಬಾಗಿಲು ತೆರೆದ ಹಾಗೇ ಇತ್ತು. ಅವನು ತಿರುಗಿ ಮೆಟ್ಟಿಲು ಇಳಿದು ಹೋದ. ಇನ್ನೂ ಬೆಳಕಿತ್ತು. ಹೋಗುತ್ತಾ ದಾರಿಯಲ್ಲಿ ಅವನು ಏನೋ ಗುನುಗಿಕೊಳ್ಳುತ್ತಿದ್ದ ಅಂತ ಮುದುಕ ಆಮೇಲೆ ಎಲ್ಲರಿಗೂ ಹೇಳಿದ.

ಹಾಲವ್ವ ಕತೆ ನಿಲ್ಲಿಸಿದರು. ಒಲೆಯ ಮೇಲೆ ಅನ್ನ ಕುದಿದು ಮುಚ್ಚಳ ತಟ್ಟುತ್ತಿತ್ತು.

ಮುರಿಗೆಪ್ಪ ನಗುತ್ತಿದ್ದ. ಬಂದಾಗ ಮುಖದಲ್ಲಿದ್ದ ಬಿಗಿ ಹೋಗಿತ್ತು. ಆದರೂ ಒಂದು ಮಾತು ಅವನಿಗೆ ಒಪ್ಪಿಗೆಯಾಗಲಿಲ್ಲ.

"ಅಲ್ಲ ಅವ್ವಾ, ಅಷ್ಟೆಲ್ಲ ಕಷ್ಟಪಟ್ಟು ಬಾಗಿಲು ತೆರೆಸಿಕೊಂಡ ಮೇಲೆ ಒಳಗೆ ಹೋಗಿ ಒಂದು ಗಳಿಗೆ ಕೂತು ಬರಬಾರದಾಗಿತ್ತಾ?"

"ಅವನಿಗೆ ಡಾಕ್ಟರು ಬೇಕಾಗಿತ್ತು" ಅಂದರು ಹಾಲವ್ವ. "ನಿನಗೆ ಆ ಮಠದಲ್ಲಿ ಏನು ಬೇಕಾಗಿತ್ತು ತಮ್ಮಾ?"

ಮುರಿಗೆಪ್ಪ ಎದ್ದು ಅನ್ನ ಇಳಿಸಿ ಎಲೆ ಹಾಕಿದ.